ಮೊಣಕಾಲಿನ ನಡುಕ



1974ರ ಅಕ್ಟೋಬರ್ 30, ಬೆಳಗಿನ ಜಾವ. ಇಂದಿನ ಕಾಂಗೋವನ್ನು ಆಗ ಜೈರ್ ಎನ್ನುತ್ತಿದ್ದರು. ಅದರ ರಾಜಧಾನಿ ಕಿನ್ಶಾಸಾದ 'ಮೇ ಇಪ್ಪತ್ತು' ಕ್ರೀಡಾಂಗಣದಲ್ಲಿ ಹತ್ತಾರು ಸಾವಿರ ಜನ ನಿದ್ದೆಗೆಟ್ಟು ಕೂತಿದ್ದಾರೆ. ಒಳಗಿನ ಒಂದು ಕೋಣೆಯಲ್ಲಿ ಹೆವಿವೇಟ್ ಬಾಕ್ಸಿಂಗಿನ ಜಗತ್ತಿನ ಚಾಂಪಿಯನ್ ಜಾರ್ಜ್ ಫೋರ್ಮನ್ ಸಿದ್ಧನಾಗುತ್ತಿದ್ದಾನೆ. ರಿಂಗಿಗೆ ಹೊರಡುವ ಮೊದಲು ಅವನ ಕಡೆಯವರು ಒಟ್ಟಾಗಿ ನಿಂತು ಪ್ರಾರ್ಥನೆ ಮಾಡುತ್ತಾರೆ. ಅವರ ಪೈಕಿ ಆರ್ಚಿ ಮೂರ್ ಎಂಬ ಹಿರಿಯರೊಬ್ಬರಿದ್ದರು. ಹಿಂದೊಮ್ಮೆ ಲೈಟ್ ಹೆವಿವೇಟ್ ಪಟ್ಟ ಆಳಿದವರು, ಬಾಕ್ಸಿಂಗಿನಲ್ಲಿ ಅವರು ಕಾಣದ್ದು ಇರಲಿಲ್ಲ. ಆ ಹೊತ್ತಿನಲ್ಲಿ ತಾವು ದೇವರಲ್ಲಿ ಏನು ಬೇಡಿಕೊಂಡೆವು ಎಂದು ಮೂರ್ ಆಮೇಲೆ ಹೇಳಿದ್ದಾರೆ. ಜಾರ್ಜನ ಕೈಯಲ್ಲಿ ಮಹಮ್ಮದ್ ಅಲಿಯ ಪ್ರಾಣ ಹೋಗದಿರಲಪ್ಪ ಎಂದು.

ಎದುರಾಳಿಯ ಜೀವ ಉಳಿಸು ಎಂದು ಕೈಮುಗಿಯುವಷ್ಟು ಗಟ್ಟಿಯಾಗಿತ್ತು ಆ ಕೋಣೆಯೊಳಗಿನ ನಂಬಿಕೆ. ಆ ಪಂದ್ಯದ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ನೋಡುವವರೆಲ್ಲ ಅಲಿಯನ್ನೇ ನೋಡುತ್ತಾರೆ, ನಾನೂ ಬಹಳ ಕಾಲ ಹಾಗೇ ನೋಡಿದೆ. ಈಚೆಗೆ ಮಾತ್ರ ನನ್ನ ಕಣ್ಣು ಫೋರ್ಮನ್‌ನ ಮುಖದ ಮೇಲೆ ನಿಲ್ಲುತ್ತದೆ. ಹೆದರಿಕೆಯ ಒಂದು ಗೆರೆಯೂ ಅಲ್ಲಿಲ್ಲ. ಆ ಮುಖ ಕಂಡಾಗಲೆಲ್ಲ ನನಗೆ ಅದಕ್ಕೂ ಇಪ್ಪತ್ತೊಂದು ತಿಂಗಳು ಹಿಂದಿನ ಇನ್ನೊಂದು ರಾತ್ರಿ ನೆನಪಿಗೆ ಬರುತ್ತದೆ.

ಅದು ಜಮೈಕಾದ ಕಿಂಗ್‌ಸ್ಟನ್, 1973ರ ಜನವರಿ 22. ಆಗ ಪಟ್ಟ ಇದ್ದದ್ದು ಜೋ ಫ್ರೇಜಿಯರ್ ಬಳಿ. ಅಲಿಗೆ ಮೊಟ್ಟಮೊದಲ ಸೋಲು ಉಣಿಸಿದವನು ಅವನು, ತಾನು ಒಂದು ಪಂದ್ಯವನ್ನೂ ಸೋತವನಲ್ಲ. ಎದುರಿಗೆ ನಿಂತ ಫೋರ್ಮನ್‌ಗೆ 24 ವರ್ಷ. ಬಾಜಿ ಕಟ್ಟುವವರು ಫ್ರೇಜಿಯರ್ ಕಡೆ. ಪಂದ್ಯ ಶುರುವಾಗುವ ಮುಂಚೆ ರೆಫರಿ ಇಬ್ಬರನ್ನೂ ರಿಂಗಿನ ನಡುವೆ ಕರೆದು ನಿಯಮ ಹೇಳುತ್ತಾರಲ್ಲ, ಆಗ ಬಾಕ್ಸರುಗಳು ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣು ನೆಟ್ಟು ನಿಲ್ಲುವ ರೂಢಿ ಉಂಟು. ಮೊದಲು ದೃಷ್ಟಿ ಕದಲಿಸಿದವನು ಅರ್ಧ ಸೋತ ಎಂದು ನೋಡುವವರ ಲೆಕ್ಕ. ಫೋರ್ಮನ್ ಆ ರಾತ್ರಿ ರೆಪ್ಪೆ ಮಿಟುಕಿಸಲಿಲ್ಲ. ಎಂಥ ಗುಂಡಿಗೆ ಎಂದು ಜನ ಬೆರಗಾದರು. ಎಷ್ಟೋ ವರ್ಷಗಳ ಮೇಲೆ ಅವನೇ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವನ ಮೊಣಕಾಲುಗಳು ಗಡಗಡ ನಡುಗುತ್ತಿದ್ದವಂತೆ. ಫ್ರೇಜಿಯರ್ ಎಲ್ಲಿ ತಲೆ ತಗ್ಗಿಸಿ ಅದನ್ನು ನೋಡಿಬಿಡುತ್ತಾನೋ ಎಂಬ ದಿಗಿಲಿಗೇ ಅವನ ಕಣ್ಣನ್ನು ಬಿಡದೆ ಹಿಡಿದಿಟ್ಟುಕೊಂಡಿದ್ದನಂತೆ.

ಗಂಟೆ ಬಾರಿಸಿತು. ಎರಡು ಸುತ್ತು ಮುಗಿಯುವುದರೊಳಗೆ ಫ್ರೇಜಿಯರ್ ಆರು ಸಲ ನೆಲ ಕಂಡ. ಒಂದು ಗುದ್ದಂತೂ ಅವನ ಎರಡೂ ಪಾದಗಳನ್ನು ನೆಲದಿಂದ ಎತ್ತಿಬಿಟ್ಟಿತು. ಆ ಪಂದ್ಯದ ವೀಕ್ಷಕ ವಿವರಣೆ ಕೊಡುತ್ತಿದ್ದ ಹೊವರ್ಡ್ ಕೊಸೆಲ್, 'ಫ್ರೇಜಿಯರ್ ಬಿದ್ದ' ಎಂದು ಮತ್ತೆ ಮತ್ತೆ ಕೂಗಿದ ದನಿ ಅಮೆರಿಕದ ಕ್ರೀಡಾಪ್ರಿಯರ ಕಿವಿಯಲ್ಲಿ ಇಂದಿಗೂ ಇದೆ. ಮೊಣಕಾಲು ನಡುಗುತ್ತಿದ್ದವನು ಪಟ್ಟ ಗೆದ್ದ. ನಡುಕ ಅವನನ್ನು ತಡೆಯಲಿಲ್ಲ. ನನ್ನ ಅಂದಾಜಿನಲ್ಲಿ ಆ ನಡುಕವೇ ಅವನನ್ನು ಅಷ್ಟು ಬೇಗ, ಅಷ್ಟು ಜೋರಾಗಿ ಹೊಡೆಯುವಂತೆ ಮಾಡಿತು.

ಈ ಹುಡುಗ ಎಲ್ಲಿಂದ ಬಂದವನು ಎಂಬುದನ್ನೂ ಹೇಳಬೇಕು. ಹುಟ್ಟಿದ್ದು 1949ರಲ್ಲಿ, ಟೆಕ್ಸಾಸ್ ರಾಜ್ಯದ ಮಾರ್ಷಲ್ ಎಂಬ ಊರಿನಲ್ಲಿ. ಬೆಳೆದದ್ದು ಹ್ಯೂಸ್ಟನ್ ನಗರದ ಫಿಫ್ತ್ ವಾರ್ಡ್ ಎಂಬ ಬಡವರ ಕೇರಿಯಲ್ಲಿ. ಮನೆಯಲ್ಲಿ ಏಳು ಮಕ್ಕಳು, ಒಲೆಯ ಮೇಲೆ ಅಷ್ಟು ಜನಕ್ಕೆ ಸಾಲುವಷ್ಟು ಇರುತ್ತಿರಲಿಲ್ಲ. ಶಾಲೆಗೆ ಬುತ್ತಿ ಇಲ್ಲದ ದಿನ ಖಾಲಿ ಕಾಗದದ ಚೀಲಕ್ಕೆ ಗಾಳಿ ಊದಿ, ಒಳಗೆ ಊಟ ಇರುವ ಹಾಗೆ ಕಾಣುವಂತೆ ಹಿಡಿದುಕೊಂಡು ಹೋಗುತ್ತಿದ್ದನಂತೆ. ಈ ಒಂದು ಸಂಗತಿ ಓದಿದ ಮೇಲೆ ಅವನ ಮೇಲಿನ ನನ್ನ ಪ್ರೀತಿ ಹೆಚ್ಚಾಯಿತು. ಒಳಗೆ ಖಾಲಿ, ಹೊರಗೆ ತುಂಬಿದ ಹಾಗೆ. ಹಸಿದ ಹುಡುಗನೊಬ್ಬ ನಾಲ್ಕು ಜನರ ಮುಂದೆ ಮಾನ ಕಾಪಾಡಿಕೊಳ್ಳಲು ಕಂಡುಕೊಂಡ ದಾರಿ ಅದು. ಕಿಂಗ್‌ಸ್ಟನ್‌ನಲ್ಲಿ ಫ್ರೇಜಿಯರ್ ಮುಂದೆ ನಿಂತಾಗಲೂ ಅವನು ಮಾಡಿದ್ದು ಅದನ್ನೇ ಅಲ್ಲವೇ?

ಮುಂದೆ ಬೀದಿಪುಂಡನಾದ, ದಾರಿಹೋಕರನ್ನು ದೋಚಿದ. ಒಂದು ಸಲ ಪೊಲೀಸರ ನಾಯಿಗಳಿಂದ ತಪ್ಪಿಸಿಕೊಳ್ಳಲು ಮನೆಯೊಂದರ ಅಡಿಯಲ್ಲಿ ತೂರಿಕೊಂಡು, ವಾಸನೆ ಹತ್ತದಿರಲೆಂದು ಮೈಗೆಲ್ಲ ಚರಂಡಿಯ ಕೆಸರು ಬಳಿದುಕೊಂಡು ಮಲಗಿದ್ದನಂತೆ. ಆ ಕೆಸರಿನಲ್ಲಿ ಮಲಗಿದ್ದಾಗಲೇ ತನ್ನ ಬದುಕಿನ ಬಗ್ಗೆ ಮೊದಲ ಸಲ ನಾಚಿಕೆಯಾಯಿತು ಎಂದು ಅವನೇ ಹೇಳಿಕೊಂಡಿದ್ದಾನೆ. ಬಡ ಯುವಕರಿಗೆ ಕಸುಬು ಕಲಿಸುವ ಜಾಬ್ ಕೋರ್ ಎಂಬ ಸರ್ಕಾರಿ ಯೋಜನೆಯ ಜಾಹೀರಾತು ನೋಡಿ ಅದಕ್ಕೆ ಸೇರಿದ. ಅಲ್ಲಿ ಡಾಕ್ ಬ್ರಾಡಸ್ ಎಂಬ ತರಬೇತುದಾರರು ಅವನ ಜಗಳಗಂಟ ಕೈಗಳಿಗೆ ಗ್ಲೌಸ್ ತೊಡಿಸಿದರು. ಗ್ಲೌಸ್ ಹಾಕಿ ಎರಡು ವರ್ಷ ಆಗುವಷ್ಟರಲ್ಲಿ, 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು, ಕೈಯಲ್ಲೊಂದು ಪುಟ್ಟ ಧ್ವಜ ಹಿಡಿದು ರಿಂಗಿನಲ್ಲಿ ನಾಲ್ಕೂ ದಿಕ್ಕಿಗೆ ನಮಿಸಿದ.

ವೃತ್ತಿಗೆ ಇಳಿದ ಮೇಲೆ ಅವನಿಗೆ ಮಾದರಿ ಸಿಕ್ಕಿದ್ದು ಸಾನಿ ಲಿಸ್ಟನ್. ಒಂದು ಕಾಲದ ಚಾಂಪಿಯನ್, ಮಾತಿಲ್ಲದವನು, ನೋಟದಲ್ಲೇ ಎದುರಾಳಿಯ ಬೆವರಿಳಿಸುತ್ತಿದ್ದವನು. ಫೋರ್ಮನ್ ಅವನ ಜೊತೆ ಅಭ್ಯಾಸದ ಪಂದ್ಯಗಳಾಡಿದ. ಇಬ್ಬರಿಗೂ ಡಿಕ್ ಸ್ಯಾಡ್ಲರ್ ಒಬ್ಬರೇ ತರಬೇತುದಾರರು. ನಗಬಾರದು, ಹೆಚ್ಚು ಮಾತಾಡಬಾರದು, ಪತ್ರಕರ್ತರಿಗೆ ಒಂದು ಮಾತಿನಲ್ಲಿ ಉತ್ತರ ಕೊಟ್ಟು ಎದ್ದುಹೋಗಬೇಕು ಎಂಬ ಪಾಠ ಲಿಸ್ಟನ್‌ನಿಂದ ಬಂತು. ಮುಂದೆ ಮುದುಕನಾದ ಮೇಲೆ ಜಗತ್ತೆಲ್ಲ ಕಂಡ ನಗುಮುಖದ ಫೋರ್ಮನ್‌ನನ್ನು ನೋಡಿದವರಿಗೆ ಇದು ನಂಬಲು ಕಷ್ಟ.

ಇಲ್ಲಿ ಬಾಕ್ಸಿಂಗಿನ ಒಂದು ಒಳಗುಟ್ಟು ಹೇಳಬೇಕು. ನಂಬಿಕೆ ಎನ್ನುವುದು ಈ ಆಟದಲ್ಲಿ ಮನಸ್ಸಿಗೆ ಮಾತ್ರ ಸೇರಿದ್ದಲ್ಲ, ಮೈಗೂ ಸೇರಿದ್ದು. ಹೆದರಿದವನು ಗೊತ್ತಿಲ್ಲದೆ ಉಸಿರು ಕಟ್ಟುತ್ತಾನೆ, ಹೆಗಲು ಬಿಗಿ ಹಿಡಿಯುತ್ತಾನೆ. ಬಿಗಿದ ಸ್ನಾಯು ಬೇಗ ದಣಿಯುತ್ತದೆ. ಮೂರು ನಿಮಿಷದ ಒಂದು ಸುತ್ತಿನಲ್ಲೇ ತೋಳು ಸೀಸದಂತೆ ಭಾರವಾಗುತ್ತದೆ. ನಂಬಿಕೆ ಇರುವವನ ಹೆಗಲು ಸಡಿಲವಾಗಿರುತ್ತದೆ, ಸಡಿಲವಾದ ಕೈಯಿಂದ ಹೊರಟ ಗುದ್ದಿಗೆ ವೇಗ ಹೆಚ್ಚು. ಹಾಗಾಗಿ ತರಬೇತುದಾರರು ತಮ್ಮ ಹುಡುಗನ ಕಿವಿಯಲ್ಲಿ ನೀನೇ ಗೆಲ್ಲುವವನು ಎಂದು ಹಗಲಿರುಳು ಊದುವುದರಲ್ಲಿ ಅರ್ಥವಿದೆ. ಆದರೆ ಅದೇ ನಂಬಿಕೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮೈಯೊಳಗಿನ ಶಕ್ತಿಯನ್ನು ಎಷ್ಟು ಖರ್ಚು ಮಾಡಬೇಕು, ಎಷ್ಟು ಉಳಿಸಿಕೊಳ್ಳಬೇಕು ಎಂದು ತೀರ್ಮಾನಿಸುವುದೂ ಅದೇ. ಆಗಿನ ಪಟ್ಟದ ಪಂದ್ಯ ಹದಿನೈದು ಸುತ್ತಿನದು, ಅಂದರೆ ನಲವತ್ತೈದು ನಿಮಿಷ ಕೈ ಆಡಬೇಕು.

ಫೋರ್ಮನ್‌ನ ಲೆಕ್ಕ ನೋಡಿ. ಫ್ರೇಜಿಯರ್‌ನನ್ನು ಎರಡನೇ ಸುತ್ತಿನಲ್ಲಿ ಮುಗಿಸಿದ. ಚಾಂಪಿಯನ್ ಆದ ಮೇಲೆ 1973ರ ಸೆಪ್ಟೆಂಬರಿನಲ್ಲಿ ಟೋಕಿಯೋದಲ್ಲಿ ಹೊಸೆ ರೋಮನ್ ಎಂಬವನನ್ನು ಮೊದಲ ಸುತ್ತಿನಲ್ಲೇ ಮಲಗಿಸಿದ. 1974ರ ಮಾರ್ಚಿನಲ್ಲಿ ವೆನೆಜುವೆಲಾದ ಕರಾಕಾಸ್‌ನಲ್ಲಿ ಕೆನ್ ನಾರ್ಟನ್‌ನನ್ನು ಎರಡನೇ ಸುತ್ತಿನಲ್ಲಿ. ಈ ನಾರ್ಟನ್ ಹಿಂದಿನ ವರ್ಷ ಅಲಿಯ ದವಡೆ ಮುರಿದು ಗೆದ್ದವನು. ಅಲಿಯನ್ನು ಸೋಲಿಸಿದವರು ಆವರೆಗೆ ಇಬ್ಬರೇ, ಫ್ರೇಜಿಯರ್ ಮತ್ತು ನಾರ್ಟನ್. ಇಬ್ಬರೂ ಫೋರ್ಮನ್ ಮುಂದೆ ಎರಡು ಸುತ್ತು ಬಾಳಲಿಲ್ಲ. ಕಿನ್ಶಾಸಾಗೆ ಬಂದಾಗ ಅವನು ಆಡಿದ್ದು 40 ಪಂದ್ಯ, ಗೆದ್ದದ್ದು 40, ಅದರಲ್ಲಿ 37 ನಾಕೌಟ್. ವಯಸ್ಸು 25. ಅಲಿಗೆ 32, ಕಾಲುಗಳ ಹಳೆಯ ಚುರುಕು ಇಳಿದಿತ್ತು. ಕೂಡಿ ಕಳೆದು ಯಾವ ಕಡೆಯಿಂದ ನೋಡಿದರೂ ಉತ್ತರ ಒಂದೇ ಬರುತ್ತಿತ್ತು. ಫೋರ್ಮನ್‌ನ ನಂಬಿಕೆಯನ್ನು ಸೊಕ್ಕು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಕೈಯಲ್ಲಿ ಅಷ್ಟು ಪುರಾವೆ ಇಟ್ಟುಕೊಂಡು ಗೆಲ್ಲುತ್ತೇನೆ ಎಂದುಕೊಂಡದ್ದು ತಪ್ಪಲ್ಲ.

ಆದರೆ ಆ ಪುರಾವೆಯೊಳಗೇ ಒಂದು ಕೊರತೆ ಅಡಗಿತ್ತು. ಫ್ರೇಜಿಯರ್, ರೋಮನ್, ನಾರ್ಟನ್, ಈ ಮೂರೂ ಪಂದ್ಯಗಳನ್ನು ಕೂಡಿದರೆ ಅವನು ರಿಂಗಿನಲ್ಲಿ ಹೊಡೆದಾಡಿದ ಹೊತ್ತು ಹದಿನೈದು ನಿಮಿಷವೂ ತುಂಬಲಿಲ್ಲ. ಆರನೇ ಸುತ್ತಿನಲ್ಲಿ ಉಸಿರು ಹೇಗಿರುತ್ತದೆ, ಏಳರಲ್ಲಿ ತೋಳು ಏನು ಹೇಳುತ್ತದೆ ಎಂಬುದನ್ನು ಅವನ ಮೈ ಮರೆತಿತ್ತು. ಗೆಲುವು ಅಷ್ಟು ಬೇಗ ಬೇಗ ಬಂದು, ಅವನಿಗೆ ತನ್ನನ್ನು ತಾನು ತಿಳಿದುಕೊಳ್ಳಲು ಪುರುಸೊತ್ತೇ ಕೊಟ್ಟಿರಲಿಲ್ಲ.

ಅವನು ಅಭ್ಯಾಸ ಮಾಡುವುದನ್ನು ಕಂಡವರೆಲ್ಲ ಮರಳು ಚೀಲದ ಮಾತು ಹೇಳುತ್ತಾರೆ. ಬಾಕ್ಸರುಗಳು ಗುದ್ದಿ ಗುದ್ದಿ ಕೈ ಪಳಗಿಸುವ ಆ ತೂಗುಚೀಲವನ್ನು ಸ್ಯಾಡ್ಲರ್ ಆತುಕೊಂಡು ನಿಲ್ಲುತ್ತಿದ್ದರು. ಫೋರ್ಮನ್ ಒಂದೇ ಜಾಗಕ್ಕೆ ಹೊಡೆಯುತ್ತಿದ್ದ. ಅಭ್ಯಾಸ ಮುಗಿದಾಗ ಚೀಲದಲ್ಲಿ ಅರ್ಧ ಕಲ್ಲಂಗಡಿ ಹಿಡಿಸುವಷ್ಟು ಗುಳಿ ಬಿದ್ದಿರುತ್ತಿತ್ತು. ಅಮೆರಿಕದ ಲೇಖಕ ನಾರ್ಮನ್ ಮೇಲರ್ ಕಿನ್ಶಾಸಾ ಪಂದ್ಯದ ಬಗ್ಗೆ ಒಂದು ಇಡೀ ಪುಸ್ತಕ ಬರೆದರು. ಆ ಗುಳಿಯನ್ನು ಅವರು ಮರೆಯಲಿಲ್ಲ.

ಇನ್ನು ಅಲಿಯ ಕಡೆ ಬರೋಣ. ಅಲಿ ತೊಡೆ ತಟ್ಟುವವನು. ಫೋರ್ಮನ್ ಮಮ್ಮಿ, ಹೆಣದ ಹಾಗೆ ನಡೆಯುತ್ತಾನೆ, ನಾನು ಅವನ ಸುತ್ತ ಕುಣಿಯುತ್ತೇನೆ, ಅವನ ಗುದ್ದು ಗಾಳಿಗೆ ಬೀಳುತ್ತದೆ ಎಂದು ಸಿಕ್ಕವರ ಮುಂದೆಲ್ಲ ಸಾರಿದ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ನಮ್ಮ ಗಾದೆಯಂತೆ ಇದೆಲ್ಲ ಬರೀ ಬಾಯಿಮಾತು ಎಂದೇ ಆ ಕಾಲದ ಬಹುಪಾಲು ಪತ್ರಕರ್ತರು ಎಣಿಸಿದರು. ಅಲಿಯನ್ನು ಪ್ರೀತಿಸುತ್ತಿದ್ದವರಿಗೇ ಅವನ ಬಗ್ಗೆ ಹೆಚ್ಚು ದಿಗಿಲು.

ಆದರೆ ಅಲಿಯ ಈ ಅಬ್ಬರದ ಒಳಗೇನಿತ್ತು ಎಂಬುದಕ್ಕೆ ಹತ್ತು ವರ್ಷ ಹಿಂದಿನ ಒಂದು ದಾಖಲೆ ಇದೆ. 1964ರ ಫೆಬ್ರವರಿ 25, ಮಯಾಮಿ ಬೀಚ್. ಆಗ ಅವನ ಹೆಸರು ಇನ್ನೂ ಕ್ಯಾಷಿಯಸ್ ಕ್ಲೇ, ವಯಸ್ಸು 22. ಎದುರಾಳಿ, ಆಗಲೇ ಹೇಳಿದ ಸಾನಿ ಲಿಸ್ಟನ್. ಬೆಳಿಗ್ಗೆ ತೂಕ ನೋಡುವ ಶಾಸ್ತ್ರದಲ್ಲಿ ಹುಡುಗ ಹುಚ್ಚು ಹಿಡಿದವನಂತೆ ಕಿರುಚಾಡಿದ. ಅದಕ್ಕೆ 2,500 ಡಾಲರ್ ದಂಡ ಬಿತ್ತು. ವೈದ್ಯರು ನಾಡಿ ಹಿಡಿದು ನೋಡಿದರೆ ನಿಮಿಷಕ್ಕೆ 120. ಅವನ ಮಾಮೂಲಿ ನಾಡಿ 54. ಈ ಹುಡುಗ ಸತ್ತೇ ಹೋಗುವಷ್ಟು ಹೆದರಿದ್ದಾನೆ ಎಂದು ವೈದ್ಯರು ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೋಡಿದಾಗ ನಾಡಿ ತನ್ನ ಜಾಗಕ್ಕೆ ಬಂದಿತ್ತು. ಆ ರಾತ್ರಿ ಏಳನೇ ಸುತ್ತಿಗೆ ಲಿಸ್ಟನ್ ಸ್ಟೂಲ್ ಬಿಟ್ಟು ಏಳಲಿಲ್ಲ. ಕಿರುಚಾಟ ಬೇಕೆಂದೇ ಮಾಡಿದ ನಾಟಕ ಎಂದು ಹಲವರು ಬರೆದಿದ್ದಾರೆ. ನಾಟಕ ಇದ್ದದ್ದು ನಿಜ. ಆದರೆ ಲಿಸ್ಟನ್‌ನ ಹೊಡೆತದ ಬಲ ನೆನೆದು ತನಗೆ ಭಯವಾಗಿತ್ತು ಎಂದು ಅಲಿಯೇ ಮುಂದೆ ಒಪ್ಪಿಕೊಂಡಿದ್ದಾನೆ. ಹಾಗಾಗಿ ಅವನ ಕೂಗಾಟ ಅವನಿಗಾಗಿಯೂ ಇತ್ತು ಎಂದು ನಾನು ತಿಳಿಯುತ್ತೇನೆ. ಕತ್ತಲ ದಾರಿಯಲ್ಲಿ ನಡೆಯುವ ಹುಡುಗ ಜೋರಾಗಿ ಹಾಡಿಕೊಳ್ಳುವುದಿಲ್ಲವೇ, ಹಾಗೆ. ಭಯ ಒಳಗೆ ಕೂತಿತ್ತು, ಅವನು ಅದನ್ನು ಓಡಿಸಲಿಲ್ಲ, ಜೊತೆಯಲ್ಲಿ ಕರೆದುಕೊಂಡೇ ರಿಂಗಿಗೆ ಹೋದ.

ಭಯದ ವಿಷಯ ಬಂದಾಗ ಕಸ್ ಡಿ'ಅಮಾಟೊ ಎಂಬ ಮುದುಕರನ್ನು ನೆನೆಯದೆ ಮುಂದೆ ಹೋಗಲಾರೆ. ನ್ಯೂಯಾರ್ಕಿನ ತರಬೇತುದಾರರು, ಮೈಕ್ ಟೈಸನ್‌ನನ್ನು ಹದಿಮೂರರ ವಯಸ್ಸಿನಿಂದ ಮಗನಂತೆ ಬೆಳೆಸಿದವರು. ಭಯವನ್ನು ಅವರು ಬೆಂಕಿಗೆ ಹೋಲಿಸುತ್ತಿದ್ದರು. ಹಿಡಿತದಲ್ಲಿದ್ದರೆ ಅಡುಗೆ ಬೇಯಿಸುತ್ತದೆ, ತಪ್ಪಿದರೆ ಮನೆ ಸುಡುತ್ತದೆ ಎನ್ನುವುದು ಅವರ ಪಾಠ. 1985ರಲ್ಲಿ ಅವರು ತೀರಿಕೊಂಡರು. ಮುಂದಿನ ವರ್ಷ ಟೈಸನ್ ಇಪ್ಪತ್ತರ ಹರೆಯದಲ್ಲೇ ಚಾಂಪಿಯನ್ ಆದ. ಆಮೇಲೆ ಆ ಬೆಂಕಿಯನ್ನು ಕಾಯುವವರು ಅವನ ಬಳಿ ಉಳಿಯಲಿಲ್ಲ. 1990ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಎಂಬವನ ಎದುರು ಪಂದ್ಯ. ಟೈಸನ್ ಆವರೆಗೆ 37 ಆಡಿ 37 ಗೆದ್ದವನು. ಲಾಸ್ ವೇಗಾಸ್‌ನಲ್ಲಿ ಡಗ್ಲಸ್ ಮೇಲೆ ಒಂದಕ್ಕೆ ನಲವತ್ತೆರಡು ಬಾಜಿ. ಡಗ್ಲಸ್‌ನ ತಾಯಿ ತೀರಿಕೊಂಡು ಇಪ್ಪತ್ತಮೂರು ದಿನವಾಗಿತ್ತು. ಪಂದ್ಯದ ನಡುವೆ ಟೈಸನ್‌ನ ಕಣ್ಣು ಊದಿಕೊಂಡು ಮುಚ್ಚತೊಡಗಿತು. ಊತ ಇಳಿಸಲು ಪ್ರತಿಯೊಬ್ಬ ಬಾಕ್ಸರನ ಕಾರ್ನರಿನಲ್ಲೂ ತಣ್ಣಗೆ ಮಾಡಿಟ್ಟ ಒಂದು ಲೋಹದ ತುಂಡು ಇರುತ್ತದೆ. ಟೈಸನ್‌ನ ಕಡೆಯವರು ಅದನ್ನು ತಂದೇ ಇರಲಿಲ್ಲ. ರಬ್ಬರ್ ಕೈಗವಸಿಗೆ ಐಸ್ ನೀರು ತುಂಬಿ ಅವನ ಕಣ್ಣಿಗೆ ಒತ್ತಿದರು. ಚಾಂಪಿಯನ್‌ನ ಕಣ್ಣು ಊದಬಹುದು ಎಂಬ ಯೋಚನೆ ಅವರ ಯಾರ ತಲೆಗೂ ಬಂದಿರಲಿಲ್ಲ. ಹತ್ತನೇ ಸುತ್ತಿನಲ್ಲಿ ಟೈಸನ್ ಬಿದ್ದ. ನೆಲದ ಮೇಲೆ ಅಂಬೆಗಾಲಿಟ್ಟು, ಬಾಯಿಂದ ಜಾರಿದ ಹಲ್ಲುಗವಸನ್ನು ತಡಕಾಡಿ ಹುಡುಕಿ ಮತ್ತೆ ಬಾಯಿಗೆ ಸಿಕ್ಕಿಸಿಕೊಳ್ಳುವ ಅವನ ಚಿತ್ರ ನೋಡಿದರೆ ಕರುಳು ಹಿಂಡುತ್ತದೆ.

ಕಿನ್ಶಾಸಾಗೆ ಹಿಂತಿರುಗೋಣ. ಪಂದ್ಯ ಮೊದಲು ಗೊತ್ತಾಗಿದ್ದು ಸೆಪ್ಟೆಂಬರ್ 25ಕ್ಕೆ. ಇಬ್ಬರಿಗೂ ತಲಾ 50 ಲಕ್ಷ ಡಾಲರ್. ಆ ಕಾಲಕ್ಕೆ ಕೇಳರಿಯದ ಮೊತ್ತ. ಹಣ ಹೊಂದಿಸಿದ್ದು ಜೈರ್‌ನ ಸರ್ವಾಧಿಕಾರಿ ಮೊಬುಟು, ಒಪ್ಪಂದ ಕುದುರಿಸಿದ್ದು ಪಂದ್ಯಗಳ ಆಯೋಜಕ ಡಾನ್ ಕಿಂಗ್. ಫೋರ್ಮನ್ ತನ್ನ ಜರ್ಮನ್ ಶೆಫರ್ಡ್ ನಾಯಿಯನ್ನು ಕರೆದುಕೊಂಡು ವಿಮಾನ ಇಳಿದ. ಅವನಿಗೆ ಅದು ಸಾಕಿದ ಪ್ರಾಣಿ. ಆದರೆ ಬೆಲ್ಜಿಯಂನವರು ಆ ನಾಡನ್ನು ಆಳುವಾಗ ಅವರ ಪೊಲೀಸರು ಜನರ ಮೇಲೆ ಛೂ ಬಿಡುತ್ತಿದ್ದದ್ದು ಅಂಥವೇ ನಾಯಿಗಳನ್ನು. ಊರಿನ ಜನಕ್ಕೆ ಮೊದಲ ನೋಟದಲ್ಲೇ ಅವನು ಹೊರಗಿನವನಾದ. ಅಲಿಯೋ ಬೀದಿ ಬೀದಿಯಲ್ಲಿ ಮಕ್ಕಳ ಜೊತೆ ಓಡಿ, ಹೋದಲ್ಲೆಲ್ಲ 'ಅಲಿ ಬೊಮಾಯೆ' ಎಂಬ ಲಿಂಗಾಲ ಭಾಷೆಯ ಕೂಗು ಎಬ್ಬಿಸಿದ. ಅಲಿ, ಅವನನ್ನು ಕೊಂದುಹಾಕು ಎಂದು ಅದರ ಅರ್ಥ. ಫೋರ್ಮನ್ ಆ ಕೂಗನ್ನು ಕೇಳಿಸಿಕೊಂಡದ್ದು ಹೋಟೆಲ್ ಕೋಣೆಯ ಒಳಗಿನಿಂದ.

ಪಂದ್ಯಕ್ಕೆ ಇನ್ನು ಎಂಟೊಂಬತ್ತು ದಿನ ಇರುವಾಗ ಅಭ್ಯಾಸದಲ್ಲಿ ಜೊತೆಗಾರನ ಮೊಣಕೈ ತಗುಲಿ ಫೋರ್ಮನ್‌ನ ಬಲಗಣ್ಣಿನ ಮೇಲೆ ಸೀಳಿತು. ಪಂದ್ಯ ಐದು ವಾರ ಮುಂದಕ್ಕೆ ಹೋಯಿತು. ಗಾಯಕ್ಕೆ ಹೊರದೇಶದಲ್ಲಿ ಚಿಕಿತ್ಸೆ ಮಾಡಿಸಿಕೊಳ್ಳಬೇಕೆಂದು ಅವನಿಗಿತ್ತು. ಹೋದವನು ತಿರುಗಿ ಬಾರದಿದ್ದರೆ ಎಂದು ಜೈರ್‌ನವರು ಬಿಡಲಿಲ್ಲ. ಗಾಯ ಮಾಯುವ ತನಕ ಜೋರಾಗಿ ಬೆವರು ಹರಿಸಿ ಅಭ್ಯಾಸ ಮಾಡುವಂತಿಲ್ಲ. ಬೇರೆ ಯಾರಿಗಾದರೂ ಈ ಐದು ವಾರ ಎಚ್ಚರಿಕೆಯ ಗಂಟೆಯಾಗುತ್ತಿತ್ತೇನೋ. ಅವನಿಗೆ ಅದು ಬರೀ ಬೇಸರವಾಯಿತು. ಬೇಗ ಮುಗಿಸಿ ಊರಿಗೆ ಹೋಗಬೇಕು ಎಂಬ ಒಂದೇ ಯೋಚನೆ. ಮುಗಿಯುತ್ತದೆಯೇ ಎಂಬ ಪ್ರಶ್ನೆ ಅವನಿಗೆ ಬರಲೇ ಇಲ್ಲ.

ಅಮೆರಿಕದಲ್ಲಿ ಸಿನಿಮಾ ಮಂದಿರಗಳ ಪರದೆಯ ಮೇಲೆ ನೋಡುವವರಿಗೆ ಅನುಕೂಲವಾಗಲೆಂದು ಪಂದ್ಯವನ್ನು ಬೆಳಗಿನ ನಾಲ್ಕು ಗಂಟೆಯ ಹೊತ್ತಿಗೆ ಇಟ್ಟಿದ್ದರು. ಆ ಹೊತ್ತಿನಲ್ಲೂ ಬೆವರಿಳಿಯುವ ಸೆಕೆ. ಮೊದಲ ಸುತ್ತಿನಲ್ಲಿ ಅಲಿ ಹೇಳಿದ ಹಾಗೆ ಕುಣಿಯಲಿಲ್ಲ. ಎಡಗೈಯ ಹೊಡೆತದಿಂದ ದಾರಿ ಮಾಡಿಕೊಳ್ಳದೆ ನೇರವಾಗಿ ಬಲಗೈಯನ್ನೇ ಬೀಸಿ ಬೀಸಿ ಹೊಡೆದ. ಬಲಗೈ ದೂರದಿಂದ ಬರಬೇಕು, ಎದುರಾಳಿಗೆ ತಪ್ಪಿಸಿಕೊಳ್ಳಲು ಸಮಯ ಇರುತ್ತದೆ. ಆದ್ದರಿಂದ ಪಳಗಿದ ಬಾಕ್ಸರನಿಗೆ ಯಾರೂ ಹಾಗೆ ಹೊಡೆಯುವುದಿಲ್ಲ, ಹೊಡೆದರೆ ಅದು ಅವಮಾನ. ಫೋರ್ಮನ್ ಕೆರಳಿದ. ಮೊದಲ ಸುತ್ತು ಮುಗಿದು ಅಲಿ ತನ್ನ ಕಾರ್ನರಿಗೆ ಬಂದಾಗ ಅವನ ಕಣ್ಣಲ್ಲಿ ಭಯ ಕಂಡೆ, ಅಲಿಯ ಕಣ್ಣಲ್ಲಿ ನಾನು ಭಯ ಕಂಡದ್ದು ಅದೊಂದೇ ಸಲ ಎಂದು ಮೇಲರ್ ಹೇಳಿದ್ದಾರೆ. ಅಷ್ಟು ಹೊಡೆದರೂ ಈ ಮನುಷ್ಯ ಕದಲುತ್ತಿಲ್ಲ ಎಂದು ಅಲಿಗೆ ಗೊತ್ತಾಗಿತ್ತು. ಒಂದು ನಿಮಿಷದ ಆ ವಿರಾಮದಲ್ಲಿ ಅಲಿ ಎಲ್ಲೋ ನೋಡುತ್ತ ತನ್ನಷ್ಟಕ್ಕೆ ತಲೆಯಾಡಿಸಿದ, ಆಮೇಲೆ ಜನರ ಕಡೆ ತಿರುಗಿ ಕೈ ಎತ್ತಿ 'ಅಲಿ ಬೊಮಾಯೆ' ಕೂಗು ಎಬ್ಬಿಸಿದ. ಹತ್ತು ವರ್ಷ ಹಿಂದಿನ ಮಯಾಮಿಯ ಹುಡುಗ ಮತ್ತೆ ಭಯವನ್ನು ಜೊತೆಗೆ ಕರೆದುಕೊಂಡು ಎದ್ದು ನಿಂತ.

ಎರಡನೇ ಸುತ್ತಿನಿಂದ ಅಲಿ ಹಗ್ಗಕ್ಕೆ ಬೆನ್ನು ಕೊಟ್ಟು ಒರಗಿದ. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು, ಹೊಡೆ ಎಂದು ಮೈ ಒಡ್ಡಿದ. ಅವನ ತರಬೇತುದಾರ ಆಂಜೆಲೊ ಡಂಡಿ ಗಾಬರಿಯಾಗಿ ಹಗ್ಗ ಬಿಟ್ಟು ಬಾ ಎಂದು ಗಂಟಲು ಹರಿಯುವಂತೆ ಕೂಗಿದರು. ಯಾರಿಗೂ ಇದು ಉಪಾಯ ಎನ್ನಿಸಲಿಲ್ಲ. ಹಗ್ಗ ಸಡಿಲವಾಗಿತ್ತು. ಗುದ್ದು ಬಿದ್ದಾಗ ಅಲಿಯ ಮೈ ಹಿಂದಕ್ಕೆ ವಾಲುತ್ತಿತ್ತು, ಗುದ್ದಿನ ಅರ್ಧ ಬಲವನ್ನು ಹಗ್ಗ ನುಂಗುತ್ತಿತ್ತು. ಫೋರ್ಮನ್ ಹೊಡೆದ, ಹೊಡೆಯುತ್ತಲೇ ಹೋದ. ಮರಳು ಚೀಲದಲ್ಲಿ ಗುಳಿ ಮಾಡುತ್ತಿದ್ದ ಆ ಕೈಗಳು ಅಲಿಯ ತೋಳು, ಪಕ್ಕೆಗಳ ಮೇಲೆ ಬಿದ್ದವು. ತಗುಲುವ ಗುದ್ದಿಗಿಂತ ತಪ್ಪುವ ಗುದ್ದು ಹೆಚ್ಚು ದಣಿಸುತ್ತದೆ ಎಂದು ಬಾಕ್ಸಿಂಗ್ ಬಲ್ಲವರು ಹೇಳುತ್ತಾರೆ. ಐದನೇ ಸುತ್ತಿನಲ್ಲಿ ಅವನು ಮೈಯ ಶಕ್ತಿಯನ್ನೆಲ್ಲ ಸುರಿದ. ಅದೇ ಸುತ್ತಿನ ಕೊನೆಯಲ್ಲಿ ಅಲಿ ಥಟ್ಟನೆ ಹಗ್ಗ ಬಿಟ್ಟು ಬಂದು ಅವನ ಮುಖಕ್ಕೆ ಬಡಿದ. ಇನ್ನೊಂದು ಗುದ್ದಿಗೆ ಇವನು ಬೀಳುತ್ತಾನೆ ಎಂದುಕೊಂಡೇ ಫೋರ್ಮನ್ ಮತ್ತೆ ನುಗ್ಗಿದ. ಬೀಳದಿದ್ದರೆ ಏನು ಮಾಡಬೇಕು ಎಂದು ಯೋಚಿಸುವ ಗರಜು ಅವನಿಗೆ ಎಷ್ಟೋ ಕಾಲದಿಂದ ಬಿದ್ದಿರಲಿಲ್ಲ.

ಕೊನೆಕೊನೆಯ ಒಂದು ಸುತ್ತಿನಲ್ಲಿ, ಫೋರ್ಮನ್ ಬಲವಾದ ಒಂದು ಗುದ್ದನ್ನು ಪಕ್ಕೆಗೆ ಹಾಕಿದಾಗ, ಅಲಿ ಅವನನ್ನು ತಬ್ಬಿ ಹಿಡಿದು ಕಿವಿಯಲ್ಲಿ ಕೇಳಿದನಂತೆ, ಇಷ್ಟೇನಾ ಜಾರ್ಜ್ ನಿನ್ನ ಹತ್ತಿರ ಇರುವುದು ಎಂದು. ಹೌದು, ಹೆಚ್ಚುಕಡಿಮೆ ಇಷ್ಟೇ ಎಂದು ತನ್ನ ಮನಸ್ಸು ಉತ್ತರ ಕೊಟ್ಟಿತು ಎಂದು ಫೋರ್ಮನ್ ಮುಂದೆ ಎಷ್ಟೋ ಸಲ ನಗುತ್ತ ಹೇಳಿದ್ದಾನೆ. ಎಂಟನೇ ಸುತ್ತು ಮುಗಿಯಲು ಕೆಲವೇ ಕ್ಷಣ ಉಳಿದಿದ್ದಾಗ ಅಲಿ ಹಗ್ಗದಿಂದ ಹೊರಳಿ ಬಂದು ಎಡ, ಬಲ ಎಂದು ಹೊಡೆದ. ಆ ದೊಡ್ಡ ಮೈ ಸುತ್ತಿಕೊಂಡು ಬೀಳತೊಡಗಿತು. ಅಲಿ ಇನ್ನೊಂದು ಗುದ್ದಿಗೆ ಬಲಗೈ ಎತ್ತಿದ್ದ. ಬೀಳುತ್ತಿರುವವನ ಸುತ್ತ ಒಂದು ಅರ್ಧ ಸುತ್ತು ಬಂದ, ಆದರೆ ಎತ್ತಿದ ಕೈಯನ್ನು ಬಿಡಲಿಲ್ಲ. ಇದನ್ನು ನೋಡಲೆಂದೇ ನಾನು ಆ ಚಿತ್ರಕ್ಕೆ ಮತ್ತೆ ಮತ್ತೆ ಹೋಗುತ್ತೇನೆ. ಫೋರ್ಮನ್ ಏಳಲು ಹೊರಟಾಗ ರೆಫರಿ ಎಣಿಕೆ ಮುಗಿಸಿಬಿಟ್ಟಿದ್ದರು. ಸ್ವಲ್ಪ ಹೊತ್ತಿಗೆಲ್ಲ ಆಕಾಶ ಬಾಯಿಬಿಟ್ಟು, ಮಳೆ ಆ ಕ್ರೀಡಾಂಗಣವನ್ನು ತೋಯಿಸಿ ತೊಪ್ಪೆ ಮಾಡಿತು.

ಆಮೇಲೆ ಫೋರ್ಮನ್ ಹಗ್ಗವನ್ನು ದೂರಿದ, ಎಣಿಕೆ ಬೇಗ ಆಯಿತು ಎಂದ, ಕುಡಿಯಲು ಕೊಟ್ಟ ನೀರಿನಲ್ಲಿ ಏನೋ ಬೆರೆಸಿದ್ದರು ಎಂದೂ ಹೇಳಿದ. ಅವನ ಸಂಕಟ ನನಗೆ ಅರ್ಥವಾಗುತ್ತದೆ. ಲೆಕ್ಕ ಸರಿಯಾಗಿದ್ದೂ ಉತ್ತರ ತಪ್ಪಾದರೆ ಯಾರೋ ಕೈಯಾಡಿಸಿದ್ದಾರೆ ಎಂದು ಅನ್ನಿಸದೆ ಇರುತ್ತದೆಯೇ? 1977ರ ಮಾರ್ಚಿನಲ್ಲಿ ಪೋರ್ಟೊರಿಕೊದ ಸಾನ್ ಹುವಾನ್‌ನಲ್ಲಿ ಜಿಮ್ಮಿ ಯಂಗ್ ಎದುರು ಮತ್ತೆ ಸೋತ. ಆ ರಾತ್ರಿ ಡ್ರೆಸಿಂಗ್ ರೂಮಿನಲ್ಲಿ ಅವನಿಗೆ ಸಾವಿನ ಹೊಸ್ತಿಲು ಮುಟ್ಟಿ ಬಂದಂಥ ಅನುಭವವಾಯಿತು. ಬಾಕ್ಸಿಂಗ್ ಬಿಟ್ಟ. ಹ್ಯೂಸ್ಟನ್‌ನಲ್ಲಿ ಬೀದಿಬದಿ ನಿಂತು ಧರ್ಮಬೋಧೆ ಮಾಡಿದ, ಪುಟ್ಟ ಚರ್ಚಿನ ಪಾದ್ರಿಯಾದ, ತನ್ನಂಥ ದಾರಿ ತಪ್ಪಿದ ಹುಡುಗರಿಗಾಗಿ ಒಂದು ಯುವಕೇಂದ್ರ ತೆರೆದ. ಹತ್ತು ವರ್ಷ ಗ್ಲೌಸ್ ಮುಟ್ಟಲಿಲ್ಲ. ಕೇಂದ್ರ ನಡೆಸಲು ದುಡ್ಡು ಸಾಲದೆ ಬಂದಾಗ, 1987ರಲ್ಲಿ, ಮತ್ತೆ ರಿಂಗು ಹತ್ತಿದ. ತಲೆ ಬೋಳಿಸಿಕೊಂಡಿದ್ದ, ಹೊಟ್ಟೆ ಬಂದಿತ್ತು, ಮುಖದಲ್ಲಿ ನಗು. ಪತ್ರಿಕೆಗಳು ಗೇಲಿ ಮಾಡಿದವು. ಅವನೂ ಅವರ ಜೊತೆ ಸೇರಿ ನಕ್ಕ. 1991ರಲ್ಲಿ ಇವಾಂಡರ್ ಹೋಲಿಫೀಲ್ಡ್ ಎದುರು ಪಟ್ಟಕ್ಕಾಗಿ ಪೂರ್ತಿ ಹನ್ನೆರಡು ಸುತ್ತು ಆಡಿ, ಅಂಕಗಳಲ್ಲಿ ಸೋತ. ಸುತ್ತುಗಳ ನಡುವಿನ ವಿರಾಮದಲ್ಲಿ ಅವನು ಸ್ಟೂಲಿನ ಮೇಲೆ ಕೂರದೆ ನಿಂತೇ ಇರುತ್ತಿದ್ದ.

1994ರ ನವೆಂಬರ್ 5, ಲಾಸ್ ವೇಗಾಸ್. ಚಾಂಪಿಯನ್ ಮೈಕಲ್ ಮೂರರ್‌ಗೆ 26 ವರ್ಷ, 35 ಪಂದ್ಯಗಳಲ್ಲಿ ಒಂದೂ ಸೋಲಿಲ್ಲ. ಫೋರ್ಮನ್‌ಗೆ 45. ಕಿನ್ಶಾಸಾದಲ್ಲಿ ನೂರು ಕಿಲೋ ಇದ್ದವನು ಈಗ ನೂರ ಹದಿಮೂರು. ಉಟ್ಟಿದ್ದು ಕೆಂಪು ಚಡ್ಡಿ, ಇಪ್ಪತ್ತು ವರ್ಷ ಹಿಂದೆ ಅಲಿಯ ಕೈಯಲ್ಲಿ ಸೋತ ರಾತ್ರಿ ಉಟ್ಟಿದ್ದ ಅದೇ ಚಡ್ಡಿ. ಸೋತ ದಿನದ ಬಟ್ಟೆಯನ್ನು ಇಪ್ಪತ್ತು ವರ್ಷ ಇಟ್ಟುಕೊಂಡು, ಪಟ್ಟದ ಪಂದ್ಯಕ್ಕೆ ಅದನ್ನೇ ಉಟ್ಟು ಬರಲು ಎಂಥ ಎದೆ ಬೇಕು! ಅವನ ಕಾರ್ನರಿನಲ್ಲಿ ನಿಂತಿದ್ದ ಮುದುಕ ಯಾರು ಗೊತ್ತೇ? ಆಂಜೆಲೊ ಡಂಡಿ. ಕಿನ್ಶಾಸಾದಲ್ಲಿ ಅಲಿಯ ಕಡೆ ನಿಂತು ಗಂಟಲು ಹರಿಯುವಂತೆ ಕೂಗಿದ್ದ ಅದೇ ಡಂಡಿ.

ಒಂಬತ್ತು ಸುತ್ತು ಮೂರರ್ ಅವನನ್ನು ಹೊಡೆದ. ಮುಖ ಊದಿತು. ಮೂವರು ತೀರ್ಪುಗಾರರ ಹಾಳೆಯಲ್ಲೂ ಫೋರ್ಮನ್ ಹಿಂದೆ. ಅವನು ಅವಸರ ಮಾಡಲಿಲ್ಲ. ಕಿನ್ಶಾಸಾದ ಹುಡುಗನಿಗೆ ಮರೆತುಹೋಗಿದ್ದ ಆರನೇ ಸುತ್ತು, ಏಳನೇ ಸುತ್ತು, ಎಂಟನೇ ಸುತ್ತು ಈ ಮನುಷ್ಯನಿಗೆ ಚೆನ್ನಾಗಿ ಗೊತ್ತಿದ್ದವು. ಹತ್ತನೇ ಸುತ್ತಿನಲ್ಲಿ ಎಡಗೈ ಮುಂದಿಟ್ಟು, ಅದರ ಹಿಂದೆಯೇ ಬಲಗೈಯ ಒಂದು ಗಿಡ್ಡ ಗುದ್ದು, ದವಡೆಗೆ. ಮೂರರ್ ಬೆನ್ನಡಿಯಾಗಿ ಬಿದ್ದು ಎಣಿಕೆ ಮುಗಿಯುವ ತನಕ ಏಳಲಿಲ್ಲ. ಹೆವಿವೇಟ್ ಪಟ್ಟ ಗೆದ್ದವರಲ್ಲೇ ಅತ್ಯಂತ ಹಿರಿಯನಾದ ಫೋರ್ಮನ್ ತನ್ನ ಮೂಲೆಗೆ ಹೋಗಿ ಮೊಣಕಾಲೂರಿ, ತಲೆ ಬಾಗಿಸಿ ಪ್ರಾರ್ಥಿಸಿದ.

ಕಿನ್ಶಾಸಾ ಪಂದ್ಯದ ಬಗ್ಗೆ ಲಿಯಾನ್ ಗ್ಯಾಸ್ಟ್ ಎಂಬವರು ತೆಗೆದಿದ್ದ ಸಾಕ್ಷ್ಯಚಿತ್ರ ಹಣದ ತೊಡಕುಗಳಿಂದಾಗಿ ಎರಡು ದಶಕ ಡಬ್ಬಿಯಲ್ಲೇ ಉಳಿದು, 1996ರಲ್ಲಿ ಹೊರಬಂತು. ಮುಂದಿನ ವರ್ಷದ ಮಾರ್ಚಿನಲ್ಲಿ ಅದಕ್ಕೆ ಆಸ್ಕರ್ ಸಿಕ್ಕಿತು. ಪ್ರಶಸ್ತಿ ಘೋಷಿಸಿದಾಗ ಅಲಿ, ಫೋರ್ಮನ್ ಇಬ್ಬರೂ ಸಭಾಂಗಣದಲ್ಲಿದ್ದರು. ಅಲಿಯ ಕೈಗಳನ್ನು ಆಗಲೇ ಪಾರ್ಕಿನ್ಸನ್ ಕಾಯಿಲೆ ನಡುಗಿಸುತ್ತಿತ್ತು, ಅಬ್ಬರದ ಆ ಬಾಯಿ ಮಾತು ಕಳೆದುಕೊಂಡಿತ್ತು. ವೇದಿಕೆಗೆ ಮೆಟ್ಟಿಲು ಹತ್ತಬೇಕಿತ್ತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿರುವಾಗ ಫೋರ್ಮನ್ ಅಲಿಯ ತೋಳಿಗೆ ಕೈ ಕೊಟ್ಟು, ಒಂದೊಂದೇ ಮೆಟ್ಟಿಲು ಅವನನ್ನು ಹತ್ತಿಸಿದ.